ಟಕ್ ಅಂದದ್ದು

ಅಜ್ಜಿಗೆ ಕೊಡದೆ ದಾಟುವುದಿಲ್ಲ ನಾವು.
ಅಜ್ಜಿ ಅಂದರೆ ನದಿ. ನಕಾಶೆಯವರು ಲೇನಾ ಅನ್ನುತ್ತಾರೆ.
ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಲಗಿರುತ್ತಾಳೆ,
ಅವಳ ಹೊದಿಕೆಯ ಮೇಲೆ ಲಾರಿಗಳು ಓಡುತ್ತವೆ.

ಹಾಗಾಗಿ ಇಳಿದೆ. ಒಂದು ನಿಮಿಷದ ಕೆಲಸ.
ಬಲಗೈಯ ಗವಸು ಸೀಟಿನ ಮೇಲೆ ಬಿಚ್ಚಿಟ್ಟು
(ಬರಿಗೈಯಲ್ಲೇ ಕೊಡಬೇಕು, ಅದು ಮರ್ಯಾದೆ)
ಬೆಣ್ಣೆ ಸವರಿದ ರೊಟ್ಟಿ ಮುರಿದು ಮಂಜಿಗೆ ಹಾಕಿ
‘ನಾನು, ಒಕ್ಟ್ಯಾಬ್ರಿನಾ. ಮೀನು ಮಾರಲು ಹೊರಟಿದ್ದೇನೆ.
ಸ್ವಲ್ಪ ಹೊತ್ತು ಮಗ್ಗುಲು ಬದಲಿಸಬೇಡ’ ಅಂದೆ.

ಬೆನ್ನ ಹಿಂದೆ ಟಕ್ ಅಂತು.

ಎಂಜಿನ್ ಓಡುತ್ತಲೇ ಇತ್ತು. ನಮ್ಮ ಕಡೆ ಚಳಿಗಾಲದಲ್ಲಿ
ಎಂಜಿನ್ ಆರಿಸಿದರೆ ಮುಗಿಯಿತು,
ಅದು ಮತ್ತೆ ಕಣ್ಣು ಬಿಡುವುದು ಮೇ ತಿಂಗಳಲ್ಲಿ.
ಒಳಗೆ ಹೀಟರು, ಗವಸು, ಫೋನು,
ಮುಚ್ಚಳ ತೆರೆದಿಟ್ಟ ಚಹಾದ ಫ್ಲಾಸ್ಕು,
ತೂಗುತ್ತಿರುವ ಕೀಲಿ.
ಹೊರಗೆ ಮೈನಸ್ ನಲವತ್ತೇಳು, ಮತ್ತೆ ನಾನು.

ನಾಲ್ಕೂ ಬಾಗಿಲು ಎಳೆದು ನೋಡಿದೆ,
ಕೈಸಾಲ ಕೇಳುತ್ತ ಮನೆಮನೆ ಸುತ್ತುವವಳ ಹಾಗೆ.
ಯಾರೂ ತೆಗೆಯಲಿಲ್ಲ.

ಹಡಗಿನಲ್ಲಿ ಬಂದ ಹಳೇ ಜಪಾನಿ ಕಾರು.
ಅದರೊಳಗೊಬ್ಬ ಹುಡುಗಿ ಇದ್ದಾಳೆ, ಬರೀ ದನಿ.
ಹದಿನಾಲ್ಕು ವರ್ಷದಿಂದ, ಬಾಗಿಲು ಮುಚ್ಚಿದಾಗೆಲ್ಲ
ನಯವಾಗಿ ಏನೋ ಹೇಳುತ್ತಾಳೆ.
ನನ್ನ ಗಂಡ ಪ್ರೊಕೊಪಿ ‘ಆಯ್ತಮ್ಮ’ ಅನ್ನುತ್ತಿದ್ದ.
ಏನು ಆಯ್ತು ಅಂತ ಅವನಿಗೂ ಗೊತ್ತಿರಲಿಲ್ಲ.
ಇವತ್ತು ತಿಳಿಯಿತು: ‘ಹುಷಾರು, ಬೀಗ ಹಾಕುತ್ತಿದ್ದೇನೆ.’
ಅಥವಾ ಬೇರೇನೋ ಇರಬಹುದು. ನನಗೇನು ಜಪಾನಿ ಬರುತ್ತದೆಯೇ.

ಮೀನಿನ ಮೂಟೆ ಕಾರಿನ ತಲೆಯ ಮೇಲಿತ್ತು,
ಇಡೀ ಲೋಕವೇ ಫ್ರಿಜ್ಜಾದ ಮೇಲೆ ಒಳಗೆ ಯಾಕೆ ಇಡಬೇಕು.
ಒಂದನ್ನು ಹಿರಿದೆ. ತೋಳುದ್ದ, ಒನಕೆಯಷ್ಟು ಗಟ್ಟಿ.
ಚಾಲಕನ ಕಿಟಕಿಯ ಮುಂದೆ ನಿಂತು ಎತ್ತಿದೆ,
ಇಳಿಸಿದೆ.

ನಮ್ಮ ಕಾರುಗಳ ಕಿಟಕಿಗೆ ಎರಡೆರಡು ಗಾಜು.
ಎರಡನೆಯದನ್ನು ನಾವೇ ಅಂಟಿಸಿಕೊಳ್ಳಬೇಕು, ಇಲ್ಲದಿದ್ದರೆ ಉಸಿರೆಲ್ಲ ಹಿಮ.
ಆ ಸೆಪ್ಟೆಂಬರಿನಲ್ಲಿ ಪ್ರೊಕೊಪಿ ಅಂಟಿಸಿದ.
ಎರಡು ಗಾಜಿನ ನಡುವೆ ಉಳಿಯಿತು ಅವನ ಹೆಬ್ಬೆಟ್ಟು,
ಅಂಟು ಮೆತ್ತಿದ್ದು, ಒಂದು ಬಟಾಣಿಯಷ್ಟು.
ಒಳಗಿನಿಂದ ಒರೆಸಲು ಬಾರದು, ಹೊರಗಿನಿಂದಲೂ ಬಾರದು.
ಸೂರ್ಯ ಸರಿಯಾಗಿ ಅಲ್ಲೇ ಬಂದು ಕಣ್ಣಿಗೆ ಚುಚ್ಚುತ್ತಾನೆ.
ಆ ವರ್ಷವೆಲ್ಲ ಬೈದೆ.
ಮುಂದಿನ ವರ್ಷ ಬೈಯಲು ಆಳಿರಲಿಲ್ಲ.

ಹಿಂದಕ್ಕೆ ಹೋಗಿ ಮೂಲೆಯ ಚಿಕ್ಕ ಗಾಜಿಗೆ ಬಾರಿಸಿದೆ.
ಮೀನಿನ ಬಾಲ ಸೀಳಿತು. ಗಾಜು ನಕ್ಕಿತು.
ಮತ್ತೆ ಬಾರಿಸಿದೆ. ಬಲಗೈ ಆಗಲೇ ನನ್ನದಾಗಿರಲಿಲ್ಲ.

ಸಿಮೆಂಟಿನ ಲಾರಿಯೊಂದು ನಿಂತಿತು. ದ್ಯುಲುಸ್ತಾನ್ ಅಂತ ಹುಡುಗ,
ಮೀಸೆ ಇನ್ನೂ ಯೋಚಿಸುತ್ತಿರುವ ವಯಸ್ಸು.
ಮೀನಿನಿಂದ ಕಾರಿಗೆ ಹೊಡೆಯುವ ಮುದುಕಿಯನ್ನು ಕಂಡು
ಮೊದಲು ನಗಬೇಕೋ ಇಳಿಯಬೇಕೋ ತಿಳಿಯದೆ
ಎರಡನ್ನೂ ಮಾಡಿದ.
ನನ್ನ ಕೈಯನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು
ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಎತ್ತಿದ. ಹತ್ತಿರದ ಕಿಟಕಿಗೆ.

‘ಅದಲ್ಲ!’

ನದಿಯೂ ಬೆಚ್ಚಿರಬೇಕು. ಅವನು ಕಾರಣ ಕೇಳಲಿಲ್ಲ.
ಹಿಂದಿನ ಮೂಲೆಗೆ ಹೋದ. ಒಂದೇ ಏಟು.

ಆ ತೂತಿಗೆ ನನ್ನ ಶಾಲು ತುರುಕಿ ಅರವತ್ತು ಕಿಲೋಮೀಟರು ಹೋದೆ.
ಹುಡುಗನಿಗೆ ಎರಡು ಮೀನು ಕೊಟ್ಟೆ, ಒಂದನ್ನು ಹಿಂದಿರುಗಿಸಿದ.
ಬಾಲ ಸೀಳಿದ್ದನ್ನು ಸಂತೆಯಲ್ಲಿ ಯಾರೂ ಮುಟ್ಟಲಿಲ್ಲ,
ರಾತ್ರಿ ಸಾರಾಯಿತು.
ಜಪಾನಿ ಹುಡುಗಿ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದಳು,
ಬಹುಶಃ ಗಾಜಿನ ವಿಷಯ.
ಆಯ್ತಮ್ಮ ಅಂದೆ.

ಈಗಲೂ ಅಜ್ಜಿಗೆ ಕೊಡದೆ ದಾಟುವುದಿಲ್ಲ.
ಆದರೆ ಒಂದು ಕಾಲು ಒಳಗೇ ಇಟ್ಟು, ಸೊಂಟದಿಂದ ಬಾಗಿಲು ತಡೆದು,
ರೊಟ್ಟಿಯನ್ನು ಅಷ್ಟು ದೂರದಿಂದಲೇ ಎಸೆಯುತ್ತೇನೆ.
ಮರ್ಯಾದೆಯಲ್ಲ, ಗೊತ್ತು.
ಅವಳೂ ಏನೂ ಅಂದಿಲ್ಲ ಇನ್ನೂ.